ಕರ್ನಾಟಕ, ಫಿನ್‌ಲೆಂಡ್: ಒಂದನೇ ತರಗತಿ ಮಕ್ಕಳ ಯೋಚನಾಶಕ್ತಿ ಹೋಲಿಸಲು ಪಿಯಾಜೆಯ ನೀರಿನ ಪರೀಕ್ಷೆ ಸಾಕೇ?

ಎರಡೂ ಕಡೆಯ ಮಕ್ಕಳಲ್ಲಿ ಯಾರು ಮುಂದೆ ಅಂತ ಈ ಪರೀಕ್ಷೆಯಿಂದ ಪ್ರಬಂಧ ಬರೆಯಬಹುದೇ ಎಂದು ಕೇಳಿದ್ದೀರಿ. ಪಾತ್ರೆಯ ಆಕಾರ ಬದಲಾದರೂ ನೀರಿನ ಪ್ರಮಾಣ ಬದಲಾಗದು ಅಂತ ಮಗುವಿಗೆ ಗೊತ್ತೇ ಎಂದು ನೋಡುವ ಪರೀಕ್ಷೆ ಇದು, ಮನಶ್ಶಾಸ್ತ್ರಜ್ಞ ಪಿಯಾಜೆಯದ್ದು. ಪ್ರಬಂಧಕ್ಕೆಂದು ನಾನೂ ಇದೇ ಲೋಟಗಳನ್ನು ಹಿಡಿದು ಕೂತಿದ್ದವನು. ನನ್ನ ಪರೀಕ್ಷೆ ಕೆಟ್ಟದ್ದು ಒಂದೇ ಒಂದು ಮಾತಿನಲ್ಲಿ.

ಎರಡು ಲೋಟದಲ್ಲಿ ಸಮ ನೀರು. ಒಂದರದ್ದನ್ನು ಸಪೂರ ಲೋಟಕ್ಕೆ ಬಗ್ಗಿಸಿ ‘ಈಗ ಎರಡೂ ಒಂದೇ ಥರ ಇದೆಯಾ?’ ಅಂತ ಕೇಳಿದೆ. ಇಂಗ್ಲಿಷಿನ ‘ಸೇಮ್’ಗೆ ಮಾಡಿದ ಅನುವಾದ. ಮಕ್ಕಳು ‘ಇಲ್ಲ’ ಅಂದರು. ಸರಿಯಾಗೇ ಅಂದರು! ‘ಒಂದೇ ಥರ’ ಅಂದರೆ ನೋಡಲು ಒಂದೇ ಥರ, ಅದು ಅಳತೆಯ ಮಾತಲ್ಲ. ಒಂದು ಉದ್ದ, ಒಂದು ಗಿಡ್ಡ ಕಣ್ಣೆದುರಿಗಿರುವಾಗ ಇನ್ನೇನು ಹೇಳಬೇಕು? ನಾನು ಅಷ್ಟನ್ನೂ ತಪ್ಪುತ್ತರ ಅಂತ ಬರೆದುಕೊಂಡೆ. ‘ಯಾವುದರಲ್ಲಿ ಜಾಸ್ತಿ?’ ಇನ್ನೂ ಕೆಟ್ಟದ್ದು. ಒಂದರಲ್ಲಿ ಜಾಸ್ತಿ ಇದೆ ಅಂತ ನಾವೇ ಹೇಳಿಕೊಟ್ಟ ಹಾಗೆ. ‘ದೊಡ್ಡದು’ ಬೇಡವೇ ಬೇಡ, ಎತ್ತರಕ್ಕೂ ಅದೇ ಪದ, ಗಾತ್ರಕ್ಕೂ ಅದೇ. ಹೀಗೆ ಕೇಳಿ: ‘ಕುಡಿಯೋಕೆ ಇಬ್ಬರಿಗೂ ಅಷ್ಟಷ್ಟೇ ನೀರು ಸಿಗುತ್ತಾ, ಒಬ್ಬರಿಗೆ ಹೆಚ್ಚು ಸಿಗುತ್ತಾ?’ ಅರ್ಧ ಮಕ್ಕಳಿಗೆ ಹಿಂದುಮುಂದು ಮಾಡಿ ಕೇಳಿ, ಕೊನೆಗೆ ಕಿವಿಗೆ ಬಿದ್ದದ್ದನ್ನೇ ಹಿಡಿದುಕೊಳ್ಳುವವರು ಇರುತ್ತಾರೆ.

ಕೇಳುವುದು ಒಂದೇ ಸಲ, ಸುರಿದ ಮೇಲೆ. ಮೇಷ್ಟ್ರು ಅದೇ ಪ್ರಶ್ನೆ ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪು ಅಂತಲೇ ಮಕ್ಕಳ ಲೆಕ್ಕ. 1974ರಲ್ಲಿ ರೋಸ್ ಮತ್ತು ಬ್ಲಾಂಕ್ ಎಂಬ ಸಂಶೋಧಕರು, ಸಾಲಾಗಿಟ್ಟ ಬಿಲ್ಲೆಗಳ ಇಂಥದ್ದೇ ಪರೀಕ್ಷೆಯಲ್ಲಿ (ಸಾಲಿನ ಉದ್ದ ಬದಲಾದರೂ ಎಣಿಕೆ ಅಷ್ಟೇ ಅಂತ ಗೊತ್ತೇ ಎಂದು ನೋಡುವುದು) 6 ವರ್ಷದವರನ್ನು ಒಮ್ಮೆ ಮಾತ್ರ ಕೇಳಿದಾಗ ತಪ್ಪುಗಳು ಕಡಿಮೆಯಾದವು.

ಸುರಿಯುವುದೂ ಮಗುವೇ. ಸೆನೆಗಲ್‌ನಲ್ಲಿ ಶಾಲೆಗೆ ಹೋಗದ ವೊಲೊಫ್ ಜನಾಂಗದ ಮಕ್ಕಳು, ಪರೀಕ್ಷಕರು ಸುರಿದರೆ ನೀರು ಹೆಚ್ಚುಕಡಿಮೆಯಾಗಿದೆ ಅಂದು, ‘ನೀವು ಸುರಿದಿರಲ್ಲ, ಅದಕ್ಕೇ’ ಎಂಬಂಥ ಕಾರಣ ಕೊಡುತ್ತಿದ್ದರು. ತಾವೇ ಸುರಿದಾಗ ಸರಿ ಹೇಳಿದವರು ಎಷ್ಟೋ ಹೆಚ್ಚು. ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ 1966ರಲ್ಲಿ ಪ್ರಕಟಿಸಿದ ಕೆಲಸ ಇದು.

ಇನ್ನು ‘ಯಾವ ದೇಶದ ಮಕ್ಕಳು ಮುಂದೆ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಫಿನ್‌ಲೆಂಡಿನಲ್ಲಿ ಮಗು ಒಂದನೇ ತರಗತಿಗೆ ಸೇರುವುದು 7 ತುಂಬುವ ವರ್ಷ, ನಮ್ಮಲ್ಲಿ 6ರ ಆಸುಪಾಸು. ಈ ಪರೀಕ್ಷೆಯಲ್ಲಿ ಮಕ್ಕಳ ಉತ್ತರ ತಪ್ಪಿನಿಂದ ಸರಿಗೆ ಮಗುಚಿಕೊಳ್ಳುವುದು ಹೆಚ್ಚುಕಮ್ಮಿ ಅದೇ ವಯಸ್ಸಿನಲ್ಲಿ. ತರಗತಿಗೆ ತರಗತಿ ಹೋಲಿಸಿದರೆ ನೀವು ಅಳೆಯುವುದು ಹುಟ್ಟಿದ ತಾರೀಖನ್ನು. ಹೋಲಿಸಲೇಬೇಕಿದ್ದರೆ ತಿಂಗಳ ಲೆಕ್ಕದಲ್ಲಿ ವಯಸ್ಸು ಹೊಂದಿಸಿ. ನನ್ನ ಕೇಳಿದರೆ, ಫಿನ್‌ಲೆಂಡ್ ಬಿಡಿ. ಒಂದೇ ಶಾಲೆಯ ಅರ್ಧ ಮಕ್ಕಳಿಗೆ ‘ಒಂದೇ ಥರ’, ಇನ್ನರ್ಧಕ್ಕೆ ‘ಅಷ್ಟಷ್ಟೇ’ ಅಂತ ಕೇಳಿ ನೋಡಿ. ಪ್ರಬಂಧಕ್ಕೆ ಅದೇ ಧಾರಾಳ.

ಲೋಟಕ್ಕೆ 150 ಮಿ.ಲೀ. ಸಾಕು, ಸಪೂರ ಲೋಟ 200 ಹಿಡಿಯುವಂಥದ್ದಿರಲಿ. ಸುರಿಯುವಾಗ ಚೆಲ್ಲಿದರೆ ಮಗು ‘ಕಮ್ಮಿಯಾಯ್ತು’ ಅನ್ನುತ್ತದೆ, ಅದು ಸರಿಯುತ್ತರ. ಆ ಸರದಿಯನ್ನು ಲೆಕ್ಕದಿಂದ ಬಿಡಿ.