ಬೆನ್ನುಮೂಳೆ ಸರಿಮಾಡಿಸಿಕೊಂಡರೆ ಬಿಪಿ ಮಾತ್ರೆ ಬಿಡಬಹುದೇ?

ಬೆನ್ನಿನ ಮೇಲ್ಭಾಗದ ಮೂಳೆ ಜರುಗಿ ಹೃದಯದ ನರ ಒತ್ತುತ್ತಿದೆ, ಬಿಪಿ ಏರಿರುವುದು ಅದರಿಂದಲೇ ಎಂದು ಕೈರೋಪ್ರಾಕ್ಟರ್ (ಕೈಯಿಂದ ಒತ್ತಿ ಬೆನ್ನುಮೂಳೆ ಸರಿಮಾಡುವ ಚಿಕಿತ್ಸಕ) ಹೇಳಿದ್ದಾರೆ, ಮಾತ್ರೆ ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬೇಡಿ. ಅದರಲ್ಲೂ ನೀವು ನುಂಗುತ್ತಿರುವುದು ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ (ಎದೆಬಡಿತ, ಬಿಪಿ ತಗ್ಗಿಸುವ ಮಾತ್ರೆ) ಆಗಿದ್ದರೆ, ದಿಢೀರನೆ ನಿಲ್ಲಿಸಿದಾಗ ಎದೆಬಡಿತ, ಬಿಪಿ ಎರಡೂ ಮೇಲೇರಬಹುದು.

ಈ ವಾದ ಕೈರೋಪ್ರಾಕ್ಟಿಕ್‌ನಷ್ಟೇ ಹಳೆಯದು. 1895ರಲ್ಲಿ ಅಮೆರಿಕದ ಐಯೋವಾದಲ್ಲಿ ಇದನ್ನು ಶುರುಮಾಡಿದ ಡಿ. ಡಿ. ಪಾಮರ್, ಜರುಗಿದ ಕಶೇರು (ಬೆನ್ನುಮೂಳೆಯ ಒಂದು ಮಣಿ) ಸರಿಪಡಿಸಿ ಹೃದಯದ ತೊಂದರೆ ನೀಗಿಸಿದ್ದಾಗಿ ಬರೆದುಕೊಂಡಿದ್ದರು. ಅದರಲ್ಲಿ ಒಂದೆಳೆ ನಿಜವಿದೆ: ಬಡಿತದ ವೇಗ ಹೆಚ್ಚಿಸುವ ಸಿಂಪಥೆಟಿಕ್ ನರಗಳು ಹೊರಡುವುದು ಬೆನ್ನುಹುರಿಯ ಎದೆಮಟ್ಟದ ಮೇಲ್ಭಾಗದಿಂದ. ಆದರೆ ವೇಗ ತಗ್ಗಿಸುವ ವೇಗಸ್ ನರ ಮಿದುಳಿನ ಬುಡದಲ್ಲಿ ಹುಟ್ಟಿ, ತಲೆಬುರುಡೆಯ ರಂಧ್ರದಿಂದ ಇಳಿದು ಬರುತ್ತದೆ. ಎರಡು ಕಶೇರುಗಳ ಸಂದಿಯಲ್ಲಿ ಹಾಯುವುದೇ ಇಲ್ಲ. ಇನ್ನು ಕಸಿ ಮಾಡಿದ ಹೃದಯವನ್ನು ನೋಡಿ. ಅದರ ನರಗಳೆಲ್ಲ ಕತ್ತರಿಸಿಹೋಗಿರುತ್ತವೆ, ಆದರೂ ತನ್ನದೇ ಸೈನಸ್ ನೋಡ್ (ಹೃದಯದೊಳಗೆ ಬಡಿತ ಹುಟ್ಟಿಸುವ ಜಾಗ) ನೆಚ್ಚಿಕೊಂಡು ನಿಮಿಷಕ್ಕೆ ಸುಮಾರು 90ರಿಂದ 110 ಸಲ ಬಡಿಯುತ್ತದೆ. ಒಂದು ಕಶೇರು ಚೂರು ಜರುಗಿದ್ದಕ್ಕೆ ಹೃದಯ ಕೆಡುತ್ತದೆ ಎಂಬ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. (ಗೂನು ವಿಪರೀತವಾಗಿ ಎದೆಗೂಡೇ ಇಕ್ಕಟ್ಟಾದರೆ ಶ್ವಾಸಕೋಶದ ಮೂಲಕ ಹೃದಯಕ್ಕೆ ಹೊರೆ ಬೀಳುತ್ತದೆ. ಅದು ಬೇರೆಯೇ ಕಾಯಿಲೆ.)

ಪುರಾವೆ ಕೇಳಿದರೆ ಸಾಮಾನ್ಯವಾಗಿ ಮುಂದಿಡುವುದು 2007ರ ಅಧ್ಯಯನ. 8 ವಾರದಲ್ಲಿ ಚಿಕಿತ್ಸೆಯ ಗುಂಪಿನ ಮೇಲಿನ ಬಿಪಿ ಸರಾಸರಿ 17 ಇಳಿಯಿತು, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ 3. ಅಂಕಿ ದೊಡ್ಡದೇ, ಆದರೆ ಇದ್ದವರು 50 ಜನ. ಮೇಲಾಗಿ ಅಲ್ಲಿ ಮುಟ್ಟಿದ್ದು ಕುತ್ತಿಗೆಯ ಮೊದಲ ಕಶೇರು ಅಟ್ಲಾಸ್; ನಿಮ್ಮ ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ. 2002ರಲ್ಲಿ ಪ್ರಕಟವಾದ 140 ಜನರ ಪ್ರಯೋಗದಲ್ಲಿ, ಪಥ್ಯದ ಜೊತೆ ಕೈರೋಪ್ರಾಕ್ಟಿಕ್ ಸೇರಿಸಿದ್ದರಿಂದ ಬರೀ ಪಥ್ಯಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಚಿಕಿತ್ಸೆಯ ಮೇಜಿನಿಂದ ಎದ್ದ ಕೂಡಲೇ ಬಿಪಿ ಇಳಿದಿದೆ ಎಂದು ತೋರಿಸಿದರೆ ಮಾರುಹೋಗಬೇಡಿ. ಮೊದಲ ಸಲ ಅಳೆದಾಗ ನೀವು ಆಗಷ್ಟೇ ನಡೆದು ಬಂದಿರುತ್ತೀರಿ, ಮಾತಾಡುತ್ತಿರುತ್ತೀರಿ, ನೋವಿರುತ್ತದೆ. ಎರಡನೇ ಸಲಕ್ಕೆ ಸ್ವಲ್ಪ ಹೊತ್ತು ಮಲಗಿ ಎದ್ದಿರುತ್ತೀರಿ. ಮನೆಯಲ್ಲೇ ನೋಡಿಕೊಳ್ಳಿ: ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು ಬೇಡ, ಮೂತ್ರ ಮುಗಿಸಿ, ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿ. ಬಿಪಿ ಯಂತ್ರದ ಪಟ್ಟಿ ಬರಿ ತೋಳಿಗೆ, ಹೃದಯದ ಮಟ್ಟಕ್ಕೆ, ಕೈ ಮೇಜಿನ ಮೇಲೆ. ಕೈ ಜೋತುಬಿದ್ದರೆ ಅಂಕಿ ಏರುತ್ತದೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಗ್ಗೆ ಸಂಜೆ, 7 ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆದು ಡಾಕ್ಟರಿಗೆ ತೋರಿಸಿ. ಮಾತ್ರೆ ಕಡಿಮೆ ಮಾಡುವ ಮಾತು ಅಲ್ಲಿ ಆಗಲಿ.

ಬೆನ್ನುನೋವಿಗೆಂದು ಹೋಗುವುದಾದರೆ ನನ್ನ ತಕರಾರಿಲ್ಲ, ಕೆಲವರಿಗೆ ಆರಾಮ ಸಿಗುತ್ತದೆ. ಕುತ್ತಿಗೆಯನ್ನು ಝಟ್ಟನೆ ತಿರುಗಿಸಿ ಲಟಕ್ಕೆನ್ನಿಸುವುದು ಮಾತ್ರ ಬೇಡ ಎಂದು ಮೊದಲೇ ಹೇಳಿಬಿಡಿ. ಮಿದುಳಿಗೆ ಹೋಗುವ ವರ್ಟೆಬ್ರಲ್ ಅಪಧಮನಿ ಅಲ್ಲಿನ ಕಶೇರುಗಳ ತೂತಿನಲ್ಲೇ ಹಾದಿರುತ್ತದೆ. ಅದರ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ರಕ್ತ ತೆಳುಮಾಡುವ ಮಾತ್ರೆ, ಮೂಳೆಸವೆತ ಇದ್ದರೆ ಅದನ್ನೂ ತಿಳಿಸಿ. ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಡಿದ ದಿನ ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಒತ್ತಿದಾಗ ನೋಯುತ್ತದೆ, ಹಾಗಾಗಿ ಪಕ್ಕೆಲುಬಿನದ್ದೇ ಎಂದುಕೊಂಡು ಕೂರಬೇಡಿ.