ಗ್ಯಾಡೋಲಿನಿಯಂ ಸೇರಿಸಿದರೂ ಫೆರೈಟ್‌ನ ಕಾಂತತೆ ಯಾಕೆ ಇಳಿಯಿತು?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಿಕಲ್ ಫೆರೈಟ್ (ನಿಕಲ್, ಕಬ್ಬಿಣ, ಆಕ್ಸಿಜನ್ ಸೇರಿದ ಕಾಂತ ವಸ್ತು) ಮಾಡಿದ್ದೇನೆ, ನೈಟ್ರೇಟ್ ದ್ರಾವಣ ಉರಿಸುವ ವಿಧಾನದಲ್ಲಿ. ಸ್ವಲ್ಪ ಕಬ್ಬಿಣದ ಬದಲು ಗ್ಯಾಡೋಲಿನಿಯಂ ಹಾಕಿದೆ. ಅದರಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ 7, ಕಬ್ಬಿಣದಲ್ಲಿ 5. ಕಾಂತತೆ ಏರಬೇಕಿತ್ತು ಅಲ್ವಾ? ಇಳಿದಿದೆ. ವಿದ್ಯುತ್ ರೋಧ ಮಾತ್ರ ಜಾಸ್ತಿಯಾಗಿದೆ. ಎಲ್ಲಿ ತಪ್ಪಿದೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಪ್ಪಿಲ್ಲ, ಸಾಮಾನ್ಯವಾಗಿ ಹೀಗೇ ಆಗುತ್ತದೆ. ನಿಮ್ಮ 7 ಮತ್ತು 5ರ ಲೆಕ್ಕ ಸರಿಯೇ. ಆದರೆ ಫೆರೈಟ್‌ನಲ್ಲಿ ಎಲ್ಲ ಅಯಾನುಗಳೂ ಒಂದೇ ಕಡೆಗೆ ಮುಖ ಮಾಡಿರುವುದಿಲ್ಲ. ನಾಲ್ಕು ಆಕ್ಸಿಜನ್ ನಡುವಿನ ಎ ಜಾಗ ಒಂದು ದಿಕ್ಕು, ಆರು ಆಕ್ಸಿಜನ್ ನಡುವಿನ ಬಿ ಜಾಗ ಅದಕ್ಕೆ ಎದುರು. 1948ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಲೂಯಿ ನೀಲ್ ವಿವರಿಸಿದ್ದು ಇದನ್ನೇ. ನಮ್ಮ ಕೈಗೆ ಸಿಗುವುದು ಬಿಯಲ್ಲಿ ಎ ಕಳೆದು ಉಳಿದ ಕಾಂತತೆ ಮಾತ್ರ.

ಗ್ಯಾಡೋಲಿನಿಯಂ ಅಯಾನು ದಪ್ಪ. ಅದರ ತ್ರಿಜ್ಯ ಸುಮಾರು 0.94 ಆಂಗ್‌ಸ್ಟ್ರಾಮ್, ಕಬ್ಬಿಣದ್ದು 0.65ರ ಆಸುಪಾಸು. ಎ ಜಾಗದಲ್ಲಿ ಅದು ಹಿಡಿಸುವುದೇ ಇಲ್ಲ, ಬಿಯಲ್ಲಿ ಹೇಗೋ ತೂರಿಕೊಂಡು ಅಲ್ಲಿದ್ದ ಕಬ್ಬಿಣವನ್ನು ಹೊರಹಾಕುತ್ತದೆ. 5 ಹೋಗಿ 7 ಬಂತಲ್ಲ ಅನ್ನಬಹುದು. ಆದರೆ ಆ ಏಳೂ ಎಲೆಕ್ಟ್ರಾನ್‌ಗಳು ಒಳಗಿನ 4ಎಫ್ ಕವಚದಲ್ಲಿ ಅಡಗಿರುವುದರಿಂದ ಪಕ್ಕದ ಕಬ್ಬಿಣದ ಜೊತೆ ಅವಕ್ಕೆ ನಂಟು ತೀರಾ ಕಮ್ಮಿ, ಕೋಣೆಯ ಬಿಸಿಗೇ ಅವುಗಳ ದಿಕ್ಕು ಚೆದುರುತ್ತದೆ. ಅಪ್ಪಟ ಗ್ಯಾಡೋಲಿನಿಯಂ ಲೋಹವೇ 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಂತ ಗುಣ ಕಳೆದುಕೊಳ್ಳುತ್ತದೆ, ನೋಡಿ. ಹಾಗಾಗಿ ಬಿ ಕಡೆಗೆ ನಷ್ಟವೇ.

ರೋಧ ಏರಿದ್ದನ್ನು ಸುಮ್ನೆ ಒಂದು ಸಾಲಿನಲ್ಲಿ ಬರೆದು ಬಿಡಬೇಡಿ. ನನ್ನ ಪ್ರಕಾರ ನಿಮ್ಮ ಪ್ರಾಜೆಕ್ಟಿನ ಜೀವಾಳ ಅದೇ. ಫೆರೈಟ್‌ನಲ್ಲಿ ಕರೆಂಟ್ ಹರಿಯುವುದು ಹೆಚ್ಚಾಗಿ ಬಿ ಜಾಗಗಳಲ್ಲೇ, ಎರಡು ಚಾರ್ಜಿನ ಕಬ್ಬಿಣದಿಂದ ಮೂರು ಚಾರ್ಜಿನ ಕಬ್ಬಿಣಕ್ಕೆ ಎಲೆಕ್ಟ್ರಾನ್ ಜಿಗಿಯುವುದರಿಂದ. ಗ್ಯಾಡೋಲಿನಿಯಂ ಮೂರು ಚಾರ್ಜು ಬಿಟ್ಟು ಕದಲುವುದಿಲ್ಲ, ಹೀಗಾಗಿ ಜಿಗಿತದ ದಾರಿ ಅಲ್ಲಲ್ಲಿ ಕಡಿಯುತ್ತದೆ. ಹೆಚ್ಚು ಫ್ರೀಕ್ವೆನ್ಸಿಯ ಸುರುಳಿಗಳ ಒಳಗಿನ ಕೋರ್‌ಗಳಿಗೆ ಬೇಕಾದದ್ದು ಇದೇ: ರೋಧ ಹೆಚ್ಚಿದಷ್ಟೂ ಎಡ್ಡಿ ಕರೆಂಟ್ (ಕೋರ್ ಒಳಗೇ ಸುತ್ತುವ ವ್ಯರ್ಥ ಕರೆಂಟ್) ಕಮ್ಮಿ, ಕೋರ್ ಬಿಸಿಯಾಗುವುದೂ ಕಮ್ಮಿ.

ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಗ್ರಾಫ್ ಮಾತ್ರ ಮತ್ತೊಮ್ಮೆ ನೋಡಿ. ದಪ್ಪ ಅಯಾನು ಸ್ಪಿನೆಲ್ (ನಿಮ್ಮ ಫೆರೈಟ್‌ನ ಹರಳಿನ ರಚನೆ) ಒಳಗೆ ಹಿಡಿಸುವುದು ಸ್ವಲ್ಪವೇ, ಮಿಕ್ಕಿದ್ದು ಗ್ಯಾಡೋಲಿನಿಯಂ ಆರ್ಥೋಫೆರೈಟ್ ಎಂಬ ಬೇರೆಯೇ ಸಂಯುಕ್ತವಾಗಿ ಕಣಗಳ ಅಂಚಿನಲ್ಲಿ ಕೂರುತ್ತದೆ. ಅದರಿಂದಲೂ ರೋಧ ಏರುತ್ತದೆ, ಕಾಂತತೆ ಇಳಿಯುತ್ತದೆ. ತಾಮ್ರದ ಕೆ-ಆಲ್ಫಾ ಕಿರಣ ಬಳಸಿದ್ದರೆ 33 ಡಿಗ್ರಿ ಹತ್ತಿರ ಈ ಆರ್ಥೋಫೆರೈಟ್‌ನ ಸಣ್ಣ ಪೀಕ್ ಇದೆಯಾ? ಹೆಮಟೈಟ್‌ನ (ಕಬ್ಬಿಣದ ಆಕ್ಸೈಡ್) ದೊಡ್ಡ ಪೀಕ್ ಕೂಡ ಅಲ್ಲೇ ಬೀಳುತ್ತದೆ, ಆದ್ದರಿಂದ ಅದೊಂದನ್ನೇ ನಂಬದೆ ಉಳಿದ ಪೀಕ್‌ಗಳನ್ನೂ ತಾಳೆ ಹಾಕಿ.

ಅಂದಹಾಗೆ ನೀವು ಬಳಸಿದ ಉರಿಸುವ ವಿಧಾನಕ್ಕೆ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಅವರ ವಿದ್ಯಾರ್ಥಿಗಳು ದೊಡ್ಡ ಕೆಲಸ ಮಾಡಿದ್ದಾರೆ, ಅವರ ಲೇಖನಗಳನ್ನು ಖಂಡಿತ ಓದಿ. ಕಾಂತವನ್ನೇ ಗಟ್ಟಿ ಮಾಡುವ ಆಸೆಯಿದ್ದರೆ ಮುಂದೆ ಸ್ಟ್ರಾನ್ಷಿಯಂ ಫೆರೈಟ್ ಹಿಡಿಯಿರಿ. ಲ್ಯಾಂಥನಂ ಮತ್ತು ಕೋಬಾಲ್ಟ್ ಒಟ್ಟಿಗೆ ಸೇರಿಸಿದ ಅಂಥ ಕಾಂತಗಳು ಮೋಟಾರುಗಳಿಗೆಂದು ಈಗಾಗಲೇ ಮಾರುಕಟ್ಟೆಯಲ್ಲಿವೆ.