ತೊಟ್ಟಿಯಲ್ಲಿರುವಾಗಲೇ ತಿಳಿಯಬೇಕಾದದ್ದು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಜೈವಿಕ ಔಷಧಗಳ ತಯಾರಿಕೆಯ ಬಗ್ಗೆ ಬಂದ ಲೇಖನ ಓದಿದೆ. ನನ್ನ ಹೆಂಡತಿ ಸಂಧಿವಾತಕ್ಕೆ ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ. ಔಷಧ ಸಿದ್ಧವಾದ ಮೇಲೆ ಹೇಗೂ ಪರೀಕ್ಷೆ ಮಾಡುತ್ತಾರೆ. ಹಾಗಿದ್ದ ಮೇಲೆ ತಯಾರಿಕೆಯ ಉದ್ದಕ್ಕೂ ಕಾವಲು ಕೂರುವ ಉಪಕರಣಗಳು ಏಕೆ? ಆ ಖರ್ಚೂ ಕೊನೆಗೆ ನಮ್ಮ ತಲೆಯ ಮೇಲೆಯೇ ಅಲ್ಲವೇ? ಲೇಸರ್ ಬೆಳಕು ತಯಾರಿಕೆಯ ತೊಟ್ಟಿಯಲ್ಲಿರುವ ಸಕ್ಕರೆಯನ್ನು ‘ನೇರವಾಗಿ ಅಳೆಯುತ್ತದೆ’ ಎಂದು ಬರೆದಿದ್ದೀರಿ. ಅದನ್ನೂ ನಂಬುವುದು ಕಷ್ಟ.
– ಹೆಸರು ಬೇಡವೆಂದ ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಮ್ಮದು. ‘ನೇರವಾಗಿ’ ಎಂಬ ಪದವನ್ನು ನಾನು ತಿದ್ದಬೇಕಿತ್ತು. ಸರ್ ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೇ ಆ ಉಪಕರಣದ ಆಧಾರ. ದ್ರವಕ್ಕೆ ಲೇಸರ್ ಹಾಯಿಸಿದಾಗ ಸರಿಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಬಣ್ಣ ಬದಲಿಸಿ ಚದುರುತ್ತದೆ. ಆ ಕ್ಷೀಣ ಬೆಳಕಿನಲ್ಲಿ ಸಕ್ಕರೆ, ಲ್ಯಾಕ್ಟಿಕ್ ಆಮ್ಲ, ಪ್ರೋಟೀನು ಎಲ್ಲದರ ಗುರುತುಗಳೂ ಒಂದರ ಮೇಲೊಂದು ಬಿದ್ದಿರುತ್ತವೆ. ಅವುಗಳಿಂದ ಸಕ್ಕರೆಯ ಪ್ರಮಾಣವನ್ನು ಹೊರತೆಗೆಯುವುದು ಒಂದು ಗಣಿತದ ಲೆಕ್ಕ. ಆ ಲೆಕ್ಕವನ್ನು ಕಟ್ಟುವುದಕ್ಕೆ ಹಲವು ಬ್ಯಾಚುಗಳಿಂದ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಅಳೆದ ಅಂಕಿಗಳು ಬೇಕು. ಒಂದು ಔಷಧಕ್ಕೆ ಕಟ್ಟಿದ ಲೆಕ್ಕ ಇನ್ನೊಂದಕ್ಕೆ ಹಾಗೆಯೇ ಹೊಂದುವುದಿಲ್ಲ. ಆದ್ದರಿಂದ ಅದು ಅಳತೆಗಿಂತ ಅಂದಾಜು, ಪದೇ ಪದೇ ಪರಿಶೀಲಿಸುತ್ತಿರಬೇಕಾದ ಅಂದಾಜು. ನಿಮ್ಮ ಅನುಮಾನ ಸರಿಯಾಗಿದೆ.

ಆದರೆ ಕೊನೆಯಲ್ಲಿ ಪರೀಕ್ಷಿಸಿದರೆ ಸಾಕು ಎಂಬ ಮಾತನ್ನು ಒಪ್ಪಲಾರೆ. ನೀವು ಕಾಫಿಯವರಾದ್ದರಿಂದ ಇದನ್ನು ವಿವರಿಸುವುದು ನನಗೆ ಸುಲಭ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿದ ಅರೇಬಿಕಾ ಬೀಜ ತೊಟ್ಟಿಯಲ್ಲಿ ಹುಳಿಯುತ್ತಿರುವಾಗ, ಮೂಡಿಗೆರೆ ಬಳಿಯ ನಮ್ಮ ತೋಟದಲ್ಲಿ ಅಪ್ಪ ರಾತ್ರಿ ಎರಡೆರಡು ಸಲ ಎದ್ದು ಟಾರ್ಚ್ ಹಿಡಿದು ಹೋಗುತ್ತಿದ್ದರು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜುತ್ತಿದ್ದರು. ಜಾರಿದರೆ ಲೋಳೆ ಇನ್ನೂ ಉಳಿದಿದೆ ಎಂದರ್ಥ. ಸಣ್ಣ ಜಲ್ಲಿಯಂತೆ ಒರಟಾಗಿ ಸದ್ದು ಮಾಡಿದರೆ ತೊಳೆಯುವ ಹೊತ್ತು ಬಂದಿದೆ ಎಂದರ್ಥ. ಅವರು ಗಡಿಯಾರವನ್ನು ನಂಬುತ್ತಿರಲಿಲ್ಲ, ಚಳಿ ಹೆಚ್ಚಿದ ರಾತ್ರಿ ಅದೇ ಬೀಜಕ್ಕೆ ಹೆಚ್ಚು ಗಂಟೆಗಳು ಹಿಡಿಯುತ್ತಿದ್ದವು. ಒಂದು ವರ್ಷ ಅವರು ಜ್ವರದಿಂದ ಮಲಗಿದ್ದಾಗ ಒಂದು ತೊಟ್ಟಿ ಹದ ಮೀರಿತು. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರುಚಿ ನೋಡಿದವರು ಆ ಕಾಫಿಗೆ ಕೆಟ್ಟ ವಾಸನೆ ಇದೆಯೆಂದು ಬೇರೆ ಮಾಡಿಟ್ಟರು. ಅವರ ಪರೀಕ್ಷೆಯಲ್ಲಿ ಯಾವ ದೋಷವೂ ಇರಲಿಲ್ಲ. ಬೀಜ ಕೆಟ್ಟು ಆಗಲೇ ಎಷ್ಟೋ ವಾರಗಳು ಕಳೆದಿದ್ದವು, ಅಷ್ಟೆ.

ನಿಮ್ಮ ಮನೆಯವರ ಔಷಧವೂ ತೊಟ್ಟಿಯಲ್ಲಿಯೇ ತಯಾರಾಗುತ್ತದೆ, ಸಾವಿರಾರು ಲೀಟರಿನ ಉಕ್ಕಿನ ತೊಟ್ಟಿಯಲ್ಲಿ. ಆಸ್ಪಿರಿನ್ ಅಣುವಿನಲ್ಲಿ 21 ಪರಮಾಣುಗಳಿವೆ, ಅದನ್ನು ರಾಸಾಯನಿಕವಾಗಿ ಕಟ್ಟಬಹುದು. ಅಡಾಲಿಮುಮ್ಯಾಬ್ ಒಂದು ಪ್ರೋಟೀನು, ಅದರ ಅಣುವಿನಲ್ಲಿ ಸುಮಾರು 20,000 ಇವೆ. ಅದನ್ನು ಜೀವಕೋಶಗಳೇ ಕಟ್ಟಬೇಕು. ಆ ಕೋಶಗಳು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಬೇರ್ಪಡಿಸಿ ಬೆಳೆಸಿದ ವಂಶಕ್ಕೆ ಸೇರಿದವು. ಸುಮಾರು 37 ಡಿಗ್ರಿ ಬಿಸಿ, 7ರ ಆಸುಪಾಸಿನ ಪಿಎಚ್ (ದ್ರವದ ಆಮ್ಲೀಯತೆಯ ಅಳತೆ; ಆಮ್ಲ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ), ಹದವಾದ ಆಮ್ಲಜನಕ, ಹೊಟ್ಟೆಗೆ ಸಕ್ಕರೆ ಸಿಕ್ಕರೆ ಅವು ಎರಡು ವಾರಗಳಷ್ಟು ಕಾಲ ದುಡಿಯುತ್ತವೆ. ಸಕ್ಕರೆ ಕಡಿಮೆಯಾದರೆ ಉಪವಾಸ ಬೀಳುತ್ತವೆ. ಅತಿಯಾದರೆ ಲ್ಯಾಕ್ಟಿಕ್ ಆಮ್ಲ ಹೆಚ್ಚಿ ಪಿಎಚ್ ಕುಸಿಯುತ್ತದೆ. ಪ್ರೋಟೀನಿನ ಮೈಗೆ ಕೋಶಗಳು ಪುಟ್ಟ ಸಕ್ಕರೆ ಸರಪಳಿಗಳನ್ನೂ ಜೋಡಿಸುತ್ತವೆ. ಪರಿಸ್ಥಿತಿ ಏರುಪೇರಾದರೆ ಆ ಸರಪಳಿಗಳ ವಿನ್ಯಾಸ ಬದಲಾಗುತ್ತದೆ. ಆ ಔಷಧ ದೇಹದಲ್ಲಿ ಎಷ್ಟು ಕಾಲ ಉಳಿಯುತ್ತದೆ, ರೋಗನಿರೋಧಕ ಕೋಶಗಳೊಂದಿಗೆ ಹೇಗೆ ವರ್ತಿಸುತ್ತದೆ ಎಂಬುದರ ಮೇಲೆ ಅದರ ಪ್ರಭಾವ ಇರುತ್ತದೆ. ಒಮ್ಮೆ ತಪ್ಪಾಗಿ ಜೋಡಿಸಿದ್ದನ್ನು ಆಮೇಲೆ ಸರಿಪಡಿಸಲು ದಾರಿಯಿಲ್ಲ.

ದಿನಕ್ಕೊಮ್ಮೆ ಮಾದರಿ ತೆಗೆದು ನೋಡುವ ಪದ್ಧತಿಯಲ್ಲಿ ಉಳಿದ ಗಂಟೆಗಳೆಲ್ಲ ಕತ್ತಲೆ. ಹೆಚ್ಚು ಸಲ ತೆಗೆಯೋಣವೆಂದರೆ, ಪ್ರತಿ ಬಾರಿಯೂ ತೊಟ್ಟಿಗೆ ಬೇಡದ ಸೂಕ್ಷ್ಮಜೀವಿ ಹೊಗುವ ಅಪಾಯವಿದೆ. ಅದಕ್ಕಾಗಿಯೇ 121 ಡಿಗ್ರಿಯ ಹಬೆಯನ್ನು ತಾಳಬಲ್ಲ ಶೋಧಕಗಳನ್ನು ತೊಟ್ಟಿಯೊಳಗೇ ಇಡುತ್ತಾರೆ. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಜೀವಂತ ಕೋಶಗಳನ್ನು ಗುರುತಿಸುವ ಶೋಧಕ. ಕೋಶದ ಪೊರೆ ಹರಿಯದೆ ಇದ್ದರೆ ಅದು ಪರ್ಯಾಯ ವಿದ್ಯುತ್ ಕ್ಷೇತ್ರದಲ್ಲಿ ಪುಟ್ಟ ಕೆಪಾಸಿಟರಿನಂತೆ ವಿದ್ಯುದಾವೇಶವನ್ನು ಹಿಡಿದಿಡುತ್ತದೆ. ಸತ್ತ ಕೋಶದ ಪೊರೆ ಸೋರುತ್ತದೆ, ಅದು ಏನನ್ನೂ ಹಿಡಿಯಲಾರದು. ಹೀಗೆ ತೊಟ್ಟಿಯ ಮುಚ್ಚಳ ತೆಗೆಯದೆಯೇ ಒಳಗೆ ಬದುಕಿರುವವು ಎಷ್ಟು ಎಂಬುದು ತಿಳಿಯುತ್ತದೆ. ಅಪ್ಪನ ಅಂಗೈ ನನಗೆ ನೆನಪಾಗುವುದು ಇಲ್ಲಿಯೇ.

ಉಪಕರಣ ಇದ್ದ ಮಾತ್ರಕ್ಕೆ ಮನುಷ್ಯ ನಿದ್ದೆ ಮಾಡಬಹುದು ಎಂದೇನೂ ಅಲ್ಲ. ಪಿಎಚ್ ಅಳೆಯುವ ಗಾಜಿನ ಕಡ್ಡಿ ಎರಡು ವಾರಗಳಲ್ಲಿ ನಿಧಾನವಾಗಿ ದಾರಿ ತಪ್ಪುತ್ತದೆ. ಅದು ತಪ್ಪು ಹೇಳಿದರೆ ಯಂತ್ರ ಆ ತಪ್ಪನ್ನೇ ನಂಬಿ ತೊಟ್ಟಿಗೆ ಕ್ಷಾರ ಸುರಿಯುತ್ತದೆ. ಆದ್ದರಿಂದ ಹೊರಗೆ ತೆಗೆದ ಮಾದರಿಯೊಂದಿಗೆ ಹೋಲಿಸಿ ನೋಡುವ ಅನುಭವಿಗಳು ಇರಲೇಬೇಕು.

ಕೊನೆಯ ಪರೀಕ್ಷೆಯ ಮಿತಿಯನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಸೂಕ್ಷ್ಮಜೀವಿ ಇಲ್ಲವೆಂದು ಖಚಿತಪಡಿಸುವ ಪರೀಕ್ಷೆಗೆ 14 ದಿನ ಬೇಕು. ದೊಡ್ಡ ಬ್ಯಾಚಿನಿಂದಲೂ ಅದಕ್ಕೆ ಸಾಮಾನ್ಯವಾಗಿ 20 ಸೀಸೆಗಳನ್ನಷ್ಟೇ ತೆಗೆಯುತ್ತಾರೆ, ಏಕೆಂದರೆ ಪರೀಕ್ಷಿಸಿದ ಸೀಸೆ ರೋಗಿಗೆ ದಕ್ಕುವುದಿಲ್ಲ. ನೂರರಲ್ಲಿ ಒಂದು ಸೀಸೆ ಕೆಟ್ಟಿದ್ದರೆ ಆ 20ರಲ್ಲಿ ಅದು ಸಿಕ್ಕಿಬೀಳುವ ಸಾಧ್ಯತೆ ಶೇ 18 ಮಾತ್ರ. ಗುಣಮಟ್ಟವನ್ನು ಪರೀಕ್ಷೆಯಿಂದ ತುಂಬಲಾಗದು, ತಯಾರಿಕೆಯಲ್ಲಿಯೇ ಕಟ್ಟಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಾರ್ಗಸೂಚಿ ಹೊರಡಿಸಿದ್ದು ಇದೇ ಕಾರಣಕ್ಕೆ.

ಇನ್ನು ಬೆಲೆಯ ವಿಚಾರ. ನಿಮ್ಮ ಸಿಟ್ಟು ನ್ಯಾಯವಾದದ್ದು. ಕೆಡುವ ಬ್ಯಾಚು ಉಳಿದರೆ ಕಂಪನಿಗೆ ಹಣ ಉಳಿಯುತ್ತದೆ, ಆ ಉಳಿತಾಯ ತಾನಾಗಿ ರೋಗಿಯ ಬಿಲ್ಲಿಗೆ ಇಳಿಯುವುದಿಲ್ಲ. ಬೆಲೆ ಇಳಿಸುವುದು ಪೈಪೋಟಿ. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಇದೇ ಔಷಧದ ಸಮಾನರೂಪವನ್ನು ನಮ್ಮ ದೇಶದಲ್ಲಿ ಮಾರುಕಟ್ಟೆಗೆ ತಂದಾಗ ಅದು ಕಣ್ಣಿಗೆ ಕಂಡಿತು. ಆದರೆ ಸಮಾನರೂಪ ತಯಾರಿಸುವವರು ತಮ್ಮ ಅಣು ಮೂಲ ಅಣುವಿಗೆ ಹೊಂದುತ್ತದೆ ಎಂದು ತೋರಿಸಬೇಕು, ಬ್ಯಾಚಿನಿಂದ ಬ್ಯಾಚಿಗೆ ಅದನ್ನು ಕಾಯ್ದುಕೊಳ್ಳಬೇಕು. ತೊಟ್ಟಿಯ ಮೇಲಿನ ಕಣ್ಣು ಅವರಿಗೂ ಅಷ್ಟೇ ಅಗತ್ಯ. ಅಗ್ಗದ ಔಷಧಕ್ಕಾಗಿ ಕಾವಲನ್ನು ಬಿಟ್ಟುಕೊಡಿ ಎಂದು ನಾನು ಎಂದಿಗೂ ಬರೆಯಲಾರೆ.

ನನ್ನ ಚಿಂತೆ ಇರುವುದು ಕಾರ್ಖಾನೆಯ ಗೇಟಿನ ಈಚೆಗೆ. ಎರಡು ವಾರ ಕ್ಷಣಕ್ಷಣಕ್ಕೂ ಕಾದ ಔಷಧ 2ರಿಂದ 8 ಡಿಗ್ರಿ ತಂಪಿನಲ್ಲಿಯೇ ನಮ್ಮೂರು ತಲುಪಬೇಕು. ಕಳೆದ ಮಳೆಗಾಲದಲ್ಲಿ ಅಮ್ಮನ ಇನ್ಸುಲಿನ್ ತರಲು ಒಂದು ಅಂಗಡಿಗೆ ಹೋದಾಗ ಅವರ ಫ್ರಿಜ್ಜಿನಲ್ಲಿ ಥರ್ಮಾಮೀಟರೇ ಇರಲಿಲ್ಲ, ಹಿಂದಿನ ರಾತ್ರಿಯಿಂದ ಕರೆಂಟೂ ಇರಲಿಲ್ಲ. ನಾನು ಬರಿಗೈಯಲ್ಲಿ ಹಿಂದಿರುಗಿದೆ. ನಿಮ್ಮ ಕಡೆಯೂ ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಕೈಕೊಡುತ್ತದೆ. ಕೊಳ್ಳುವಾಗ ಉಷ್ಣತೆಯ ದಾಖಲೆ ಕೇಳಿ, ಕೇಳಲು ಸಂಕೋಚಪಡಬೇಡಿ. ಮನೆಗೆ ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ ತನ್ನಿ, ಆದರೆ ಐಸ್ ನೇರವಾಗಿ ತಾಗದಿರಲಿ. ಫ್ರೀಜರಿನ ಗೋಡೆಗೆ ಒತ್ತಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇಂಜೆಕ್ಷನ್ ಕರಗಿ ತಿಳಿಯಾಗಿ ಕಂಡರೂ ಬಳಸಬೇಡಿ.